ಹಿರಿಯರಿಗೆ ನೀರು ನಿಲ್ಲುತ್ತಿಲ್ಲ

ಇದು ಹಸಿರೇ? ಅಥವಾ ಪಾಚಿ ಹಿಡಿದ ನೆಲದ ಮೇಲೆ ಬಿದ್ದ ಕಾರಣಕ್ಕೆ ಹಸಿರಾಗಿ ಕಾಣುತ್ತಿರುವ ಬರೀ ನೀರೇ? ಬರೀ ನೀರಾದರೆ ಮಾವ ಹೇಳಿದ್ದು ಸರಿ, ಪಕ್ಕದ ಮನೆಯ ಹೂಕುಂಡದಿಂದ ಹರಿದು ಬಂದದ್ದು. ಹಸಿರಾದರೆ ಬಾಮೈದ ಹೇಳಿದ್ದು ಸರಿ, ಗಾಡಿ ಸೋರುತ್ತಿದೆ. ಆದರೆ ಇದು ಹಸಿರೂ ಅಲ್ಲ, ಬರೀ ನೀರೂ ಅಲ್ಲ. ಬಣ್ಣ ಬಿಡುವ ಹಸಿರು ಬಟ್ಟೆಯನ್ನು ಹಲವು ಸಲ ಒಗೆದ ಮೇಲೆ ಬಕೆಟ್ಟಿನಲ್ಲಿ ಉಳಿಯುತ್ತದಲ್ಲ, ಆ ಬಣ್ಣ. ಇದನ್ನು ಯಾರ ಪಕ್ಷಕ್ಕೆ ಸೇರಿಸುವುದು?

ಹಳೆಯ ಪಿಕಪ್ಪಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಅವನು ಹೀಗೆ ಯೋಚಿಸುತ್ತಿರುವಾಗಲೇ ಅವನ ಹಣೆಯ ಮೇಲೆ ಒಂದು ತೊಟ್ಟು ಬಿತ್ತು. ಬೆರಳಿನಿಂದ ಒರೆಸಿ ಮೂಗಿನ ಹತ್ತಿರ ಹಿಡಿದ. ಸಿಹಿವಾಸನೆ. ಇಂಜಿನ್ನಿನ ಬಿಸಿಯನ್ನು ಹೊತ್ತೊಯ್ಯುವ ಕೂಲೆಂಟಿಗೆ ಸಿಹಿವಾಸನೆ ಇರುತ್ತದೆಂದು ಡಬ್ಬದ ಮೇಲೆ ಓದಿದ್ದ. ಹೂಕುಂಡಗಳಿಗೆ ಇರುವುದಿಲ್ಲ. ಬಾಮೈದ ಗೆದ್ದ ಹಾಗಾಯಿತು.

ಅವನು ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆಯ ದೂರುಗಳನ್ನು ಫೋನಿನಲ್ಲಿ ಕೇಳಿಸಿಕೊಳ್ಳುವ ಗುಮಾಸ್ತ. ಊರಿನ ಸೋರಿಕೆಗಳೆಲ್ಲ ಅವನ ಕಿವಿಯ ಮೂಲಕ ಹಾದುಹೋಗಿದ್ದವು. ಕಣ್ಣಿಗೆ ಒಂದೂ ಬಿದ್ದಿರಲಿಲ್ಲ. ಆದರೂ ಬೀದಿಯವರು ಅವನನ್ನು ಸೋರಿಕೆ ಸಾಹೇಬರು ಎನ್ನುತ್ತಿದ್ದರು, ಅವನೂ ಆ ಬಿರುದನ್ನು ವಾಪಸು ಕೊಡುವ ಆತುರ ತೋರಿರಲಿಲ್ಲ. ದೂರು ಬಂದೊಡನೆ ಅವನು ಕೇಳುತ್ತಿದ್ದ ಪ್ರಶ್ನೆ ಒಂದೇ: ತೊಟ್ಟಿಕ್ಕುತ್ತಿದೆಯೋ, ಜಿನುಗುತ್ತಿದೆಯೋ, ಒಸರುತ್ತಿದೆಯೋ, ಸೋರುತ್ತಿದೆಯೋ, ಚಿಮ್ಮುತ್ತಿದೆಯೋ? ಇವು ಬೇರೆ ಬೇರೆ, ಒಂದರ ಬದಲು ಇನ್ನೊಂದನ್ನು ಹೇಳಿದರೆ ಬೇರೆ ಸಿಬ್ಬಂದಿ ಬೇರೆ ಸಲಕರಣೆಯೊಂದಿಗೆ ಬರುತ್ತಾರೆ ಎಂದು ಅವನು ತಾಳ್ಮೆಯಿಂದ ವಿವರಿಸುತ್ತಿದ್ದ. ಅಡುಗೆಮನೆಯಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಿಂತು ಫೋನ್ ಮಾಡಿದವರು ಈ ಪ್ರಶ್ನೆಗೆ ಕೊಡುತ್ತಿದ್ದ ಉತ್ತರಗಳನ್ನು ಇಲ್ಲಿ ಬರೆಯುವಂತಿಲ್ಲ.

ಅವನೂ ಹೆಂಡತಿಯೂ ಮಾವನ ಮನೆಯ ಮೇಲಿನ ಭಾಗದಲ್ಲಿದ್ದರು. ಯಾರಾದರೂ ಮನೆಯಳಿಯ ಎಂದರೆ ಅವನು ಕೂಡಲೇ ತಿದ್ದುತ್ತಿದ್ದ: "ಮನೆ ಅಲ್ಲ ಸ್ವಾಮಿ, ಮಹಡಿ. ಮಹಡಿಯಳಿಯ."

ಮಾವ ಗಾಜಿನ ವ್ಯಾಪಾರಿ. ಜೀವನವೆಲ್ಲ ಗಾಜಿನ ಜೊತೆ ಕಳೆದವರಿಗೆ ದನಿಯೆತ್ತುವುದು ಅಪಾಯವೆಂದು ಅನಿಸುತ್ತದೋ ಏನೋ, ಅವರ ಮಾತು ಬಹಳ ಕಡಿಮೆ. ಮದುವೆಯಾದಾಗಿನಿಂದ ಮಾವ ಅಳಿಯರ ನಡುವೆ ನಡೆದ ಮಾತುಕತೆಯನ್ನೆಲ್ಲ ಒಂದು ಅಂಚೆ ಕಾರ್ಡಿನಲ್ಲಿ ಬರೆಯಬಹುದಿತ್ತು. ವಿಳಾಸಕ್ಕೂ ಜಾಗ ಉಳಿಯುತ್ತಿತ್ತು. ಕಿಟಕಿಯ ಗಾಜನ್ನು ಪಿಕಪ್ಪಿನ ಹಿಂದೆ ಓರೆಯಾಗಿ ನಿಲ್ಲಿಸಿಕೊಂಡು ಅವರು ದಿನವೂ ಅಂಗಡಿಗೆ ಹೋಗುತ್ತಿದ್ದರು. ಅದರ ಹಣೆಯ ಮೇಲೆ ಯಾವ ಕಾಲದಲ್ಲೋ "ಹಿರಿಯರ ಆಶೀರ್ವಾದ" ಎಂದು ಬರೆಸಿದ್ದರು. ಬಿಸಿಲಿಗೆ ಆಶೀರ್ವಾದ ಪೂರ್ತಿ ಎದ್ದುಹೋಗಿ, ಅದರ ಹಿಂದಿನ ರಕಾರವೂ ಹೋಗಿ, "ಹಿರಿಯ" ಎಂಬುದಷ್ಟೇ ಉಳಿದಿತ್ತು. ಹೀಗಾಗಿ ಮನೆಯಲ್ಲೂ ಪೇಟೆಯಲ್ಲೂ ಪಿಕಪ್ಪಿಗೆ ಅದೇ ಹೆಸರು. ಗೌರವ ಉಕ್ಕಿದಾಗ ಹಿರಿಯರು.

ಬಾಮೈದನ ಹೊಸ ಕಾರಿಗೆ ನೆರಳು ಬೇಕಾಗಿತ್ತು. ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಹಿರಿಯರು ನಿಂತಿದ್ದರು. ಈ ಎರಡು ಸಂಗತಿಗಳಿಂದ ಬಾಮೈದನಿಗೆ ಅಪ್ಪನ ಸುರಕ್ಷತೆಯ ಬಗ್ಗೆ ತೀವ್ರ ಕಾಳಜಿ ಹುಟ್ಟಿತ್ತು. ಹಿಂದಿನ ದಿನ ಊಟಕ್ಕೆ ಕೂತಾಗ ಅವನು ಚಪ್ಪರದ ನೆಲದ ಮೇಲಿನ ಕಲೆಯ ವಿಷಯ ಎತ್ತಿದ.

"ಅಪ್ಪಾ, ನಿಮಗೆ ಗೊತ್ತಿಲ್ಲದೆ ಸೋರ್ತಿದ್ರೆ ಗಾಡಿ ಗುಜರಿಗೆ ಹಾಕಿದ್ರೆ ಮುಗೀತು. ಗೊತ್ತಿದ್ದೂ ಹಿಂದೆ ಗಾಜಿಟ್ಕೊಂಡು ಓಡಿಸ್ತಿದ್ರೆ ಮಾತ್ರ ಗಾಡಿ ಜೊತೆ ನಿಮ್ಮ ಲೈಸೆನ್ಸೂ ಎತ್ತಿಡೋದೇ. ನಾಳೆ ಸಂಜೆ ಗುಜರಿಯವನು ಬರ್ತಾನೆ."

"ಒಂದು ಹನಿ ಸೋರಿಲ್ಲ. ಪಕ್ಕದ ಮನೆ ಹೂಕುಂಡದ ನೀರು" ಎಂದರು ಮಾವ. ಅದು ಅವರ ಆ ವಾರದ ಮಾತು. ಅಷ್ಟು ಹೇಳಿ ತಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕೂತರು, ಗಾಜಿನ ಅಂಚು ನೋಡುವ ಹಾಗೆ. ಆ ಮೌನ ಎಷ್ಟು ಹೊತ್ತು ಬೆಳೆಯಿತೆಂದರೆ ಯಾರಾದರೂ ಏನಾದರೂ ಹೇಳಲೇಬೇಕಾಯಿತು, ಮತ್ತು ಅಂಥ ಸಮಯದಲ್ಲಿ ಹೇಳಬಾರದ್ದನ್ನು ಹೇಳುವ ಮನುಷ್ಯ ಅದೇ ಪಂಕ್ತಿಯಲ್ಲಿದ್ದ.

"ಸೋರಿಕೆ ಅಂದ್ರೆ ನನ್ನ ಇಲಾಖೆ. ನಾಳೆ ಸಂಜೆಯೊಳಗೆ ನಾನು ನೋಡ್ತೀನಿ" ಎಂದ ಅವನು.

ಹೆಂಡತಿ ಅನ್ನದ ಸೌಟನ್ನು ಗಾಳಿಯಲ್ಲೇ ಹಿಡಿದು ನಿಂತಳು. ಬಾಮೈದ ನಕ್ಕು, ಭಾವ ಅದನ್ನು ನಿಲ್ಲಿಸಿದರೆ ಗಾಡಿ ಇರಲಿ, ನನ್ನ ಕಾರು ಬಿಸಿಲಲ್ಲೇ ಸಾಯಲಿ ಎಂದು ಒಪ್ಪಿಕೊಂಡ. ಬೆಳಗ್ಗೆ ಎದ್ದು ನೋಡಿದರೆ ಮಾವ ತಿಂಡಿಯನ್ನೂ ತಿನ್ನದೆ ನಡೆದುಕೊಂಡೇ ಎಲ್ಲಿಗೋ ಹೋಗಿದ್ದರು.

ರಜೆಯ ದಿನ. ಕೂಲೆಂಟನ್ನು ತಂಪು ಮಾಡುವ ರೇಡಿಯೇಟರಿನ ಕೆಳತುದಿಗೆ ಒಂದು ದಪ್ಪ ರಬ್ಬರ್ ಹೋಸ್ ಇತ್ತು. ತೊಟ್ಟು ಬೀಳುತ್ತಿದ್ದದ್ದು ಅದರ ಕೆಳಗೆ. ಆದ್ದರಿಂದ ತಪ್ಪಿತಸ್ಥ ಅದೇ ಎಂದು ಅವನು ತೀರ್ಮಾನಿಸಿ, ಅದರ ಕ್ಲಿಪ್ಪನ್ನು ತಿರುಪಿ ತಿರುಪಿ, ಹೋಸಿಗೆ ಉಸಿರು ಕಟ್ಟುವಷ್ಟು ಬಿಗಿ ಮಾಡಿದ. ಕಡಿಮೆಯಾಗಿದ್ದಷ್ಟು ನೀರು ತುಂಬಿ ಇಂಜಿನ್ ಚಾಲೂ ಮಾಡಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಬಿಸಿ ತೋರಿಸುವ ಮುಳ್ಳು ಏರಿತು. ತೊಟ್ಟು ಮತ್ತೆ ಅಲ್ಲೇ ಬಿತ್ತು, ಮೊದಲಿಗಿಂತ ಉತ್ಸಾಹದಿಂದ.

ಒಳಗೆ ಏನಾಗಿದೆ ನೋಡೋಣವೆಂದು ಅವನು ಟವೆಲ್ ಸುತ್ತಿದ ಕೈಯನ್ನು ರೇಡಿಯೇಟರಿನ ಮುಚ್ಚಳದ ಮೇಲಿಟ್ಟದ್ದೇ ತಡ, ಮಹಡಿಯಿಂದ ಹೆಂಡತಿಯ ದನಿ ಬಂತು.

"ರೀ, ಕುಕ್ಕರ್ ಸೀಟಿ ಹೊಡೀತಿರೋವಾಗ ಮುಚ್ಚಳ ತೆಗೀತೀರಾ?"

ಅವನು ಕೈ ತೆಗೆದ. ತಾನು ತೆಗೆಯುವುದಕ್ಕೆ ಹೊರಟಿರಲಿಲ್ಲ, ಬಿಸಿ ಎಷ್ಟಿದೆ ಎಂದು ಮುಟ್ಟಿ ನೋಡುತ್ತಿದ್ದೆ ಎಂದು ಮೇಲಕ್ಕೆ ಮುಖ ಮಾಡಿ ಹೇಳಿದ. ಇಂಜಿನ್ ಆರಿಸಿ, ಅದು ತಣ್ಣಗಾಗುವ ತನಕ ಸ್ಪೇರ್ ಪಾರ್ಟ್ಸ್ ಅಂಗಡಿಯವನಿಗೆ ಫೋನ್ ಮಾಡಿದ. ಹಿರಿಯರನ್ನು ಅರಿಯದ ಅಂಗಡಿ ಆ ಪೇಟೆಯಲ್ಲಿ ಇರಲಿಲ್ಲ, ಆದ್ದರಿಂದ ಪೀಠಿಕೆ ಬೇಕಾಗಲಿಲ್ಲ. ಕಚೇರಿಯ ಕೆಟ್ಟ ಲೈನಿನಲ್ಲಿ ಕೂಗಿ ಕೂಗಿ ಅಭ್ಯಾಸವಾಗಿದ್ದರಿಂದ ದನಿ ಮಾತ್ರ ಕಾಂಪೌಂಡು ದಾಟಿತು.

"ಹಿರಿಯರಿಗೆ ಬೆಳಗ್ಗೆಯಿಂದ ಮೈ ಕಾದಿದೆ. ನೀರು ಹಾಕ್ತಾನೇ ಇದೀವಿ, ನಿಲ್ತಿಲ್ಲ. ಹಾಕಿದಷ್ಟೂ ಕೆಳಗಡೆ ಹೋಗ್ತಿದೆ. ಬಣ್ಣಾನಾ? ಹಸಿರು, ತಿಳಿ ಹಸಿರು. ವಯಸ್ಸಾಗಿದೆಯಲ್ಲ, ಕೊಳವೆನೇ ಬದಲಾಯಿಸಬೇಕೇನೋ. ಬೇರೆ ಯಾರಿಗೂ ತೋರಿಸಲ್ಲ, ನಾನೇ ಬಿಚ್ಚಿ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಸಂಜೆ ಎತ್ಕೊಂಡು ಹೋಗೋಕೆ ಬಾಮೈದ ಗಾಡಿ ಹೇಳಿ ಆಗಿದೆ."

ಕಾಂಪೌಂಡಿನ ಆಚೆ ನರ್ಸಮ್ಮ ಹೂಕುಂಡಗಳಿಗೆ ನೀರು ಹಾಕುತ್ತಿದ್ದರು. ದೊಡ್ಡಾಸ್ಪತ್ರೆಯಲ್ಲಿ ನಿವೃತ್ತಿಯಾಗುವ ತನಕ ದುಡಿದು ಈಚೆಗಷ್ಟೇ ಆ ಮನೆಗೆ ಬಂದವರು. ಪಿಕಪ್ಪಿನ ಹೆಸರು ಇನ್ನೂ ಅವರ ಕಿವಿಗೆ ಬಿದ್ದಿರಲಿಲ್ಲ. ಅವರ ಕೈಯಲ್ಲಿದ್ದ ಪೈಪು ಒಂದೇ ಕುಂಡದ ಮೇಲೆ ನಿಂತಿತು. ಜ್ವರ, ತಡೆಯಿಲ್ಲದ ಮೂತ್ರ, ಅದೂ ಹಸಿರು, ಕೊಳವೆ ಬದಲಾಯಿಸುವ ಮಾತು, ವೈದ್ಯರಿಗೆ ತೋರಿಸಲು ಒಲ್ಲದ ಅಳಿಯ, ಸಂಜೆಗೆ ಗೊತ್ತುಮಾಡಿದ ವಾಹನ. ಬದುಕಿರುವ ಮನುಷ್ಯನಿಗೆ ಹೆಣದ ಗಾಡಿ ಹೇಳಿಟ್ಟ ಮನೆಯವರನ್ನು ಅವರು ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ. ಕುಂಡ ತುಂಬಿ ನೀರು ಕಾಂಪೌಂಡಿನ ಈಚೆಗೆ ಹರಿಯತೊಡಗಿತು. ಮಾವ ಹೇಳಿದ್ದರಲ್ಲೂ ಸ್ವಲ್ಪ ನಿಜವಿತ್ತೆಂದು ಇದರಿಂದ ತಿಳಿಯುತ್ತದೆ.

ನರ್ಸಮ್ಮ ಮುಂಬಾಗಿಲಿಗೆ ಹೋಗಿ ತಟ್ಟಿದರು. ಉತ್ತರವಿಲ್ಲ. ಮಾವನ ಕೋಣೆಯ ಕಿಟಕಿಯಿಂದ ಇಣುಕಿದರು. ಮಂಚದ ಮೇಲೆ ರಗ್ಗು ಗುಪ್ಪೆಯಾಗಿ ಬಿದ್ದಿತ್ತು, ಅಲುಗಾಟವಿಲ್ಲ. ಮಾವನ ಅಕ್ಕ ಎರಡು ಬೀದಿಯಾಚೆ ಇರುವುದು ಅವರಿಗೆ ಗೊತ್ತಿತ್ತು. ಮುಂದಿನ ಕೆಲಸ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇತ್ತ ಹಿತ್ತಲಿನಲ್ಲಿ ಅವನು ಬಾನೆಟ್ಟಿನ ಮುಂದೆ ನಿಂತು ಅಂಗಡಿಯವನು ಕೇಳಿದ ಪ್ರಶ್ನೆಯನ್ನು ಮೆಲುಕು ಹಾಕುತ್ತಿದ್ದ. ಹೇಗೆ ಲೀಕ್ ಆಗ್ತಿದೆ ಎಂದು ಅವನು ಕೇಳಿದ್ದ. ತೊಟ್ಟಿಕ್ಕುತ್ತಿದೆ ಎಂದು ಇವನು ಹೇಳಿದ್ದ. ಇಷ್ಟು ವರ್ಷ ಫೋನಿನಲ್ಲಿ ಊರಿಗೆಲ್ಲ ಪಾಠ ಹೇಳಿದ ಮನುಷ್ಯ ತನ್ನ ಮನೆಯ ದೂರನ್ನೇ ತಪ್ಪಾಗಿ ಬರೆಸಿದ್ದನಲ್ಲ. ತೊಟ್ಟಿಕ್ಕುವುದು ನೀರು ನೆಲಕ್ಕೆ ಬೀಳುವ ಜಾಗದ ಸುದ್ದಿ. ತೊಟ್ಟಿಕ್ಕಬೇಕಾದರೆ ಮೊದಲು ಎಲ್ಲೋ ಒಸರಬೇಕು. ಒಸರಿದ್ದು ಜಾರಿ, ಹರಿದು, ಯಾವುದೋ ಅಂಚಿಗೆ ಬಂದು, ಅಲ್ಲಿ ಧೈರ್ಯ ಸಾಲದೆ ತೂಗಿ, ಕೊನೆಗೆ ಬೀಳುತ್ತದೆ. ಕೆಳಗಿನ ಹೋಸು ಬರೀ ಬೀಳುವ ಅಂಚು. ಹುಟ್ಟಿದ ಜಾಗ ಬೇರೆ.

"ಸ್ವಲ್ಪ ನಿನ್ನ ಮುಖದ ಪೌಡರ್ ಕೊಡ್ತೀಯಾ?" ಎಂದು ಅವನು ಮಹಡಿಗೆ ಕೂಗಿದ.

ಹೆಂಡತಿ ಕೆಳಗಿಳಿದು ಬಂದು, ಗಂಡನ ಮುಖವನ್ನು ಒಮ್ಮೆ ನೋಡಿ, ಈ ಮುಖಕ್ಕೆ ಸ್ವಲ್ಪ ಸಾಲದು ಎಂದು ಡಬ್ಬಿಯನ್ನೇ ಕೊಟ್ಟಳು. ಮಧ್ಯಾಹ್ನದ ಊಟಕ್ಕೂ ಅಪ್ಪ ಬಂದಿಲ್ಲ, ಅಂಗಡಿಯ ಕಡೆ ಹೋಗಿ ನೋಡಿಕೊಂಡು ಬರುತ್ತೇನೆ, ಮುಂಬಾಗಿಲಿಗೆ ಬೀಗ ಹಾಕಿದ್ದೇನೆ ಎಂದು ಹೇಳಿ, ಹಿತ್ತಲಿನ ಗೇಟಿನಿಂದ ಹೊರಟಳು. ಹೀಗೆ ಆ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಸರಿಯಾಗಿ ಹೇಳಬಲ್ಲ ಒಂದೇ ವ್ಯಕ್ತಿ ಅಲ್ಲಿಂದ ಹೋದಂತಾಯಿತು.

ಅವನು ಇಂಜಿನ್ನಿನ ಮುಂಭಾಗವನ್ನೆಲ್ಲ ಬಟ್ಟೆಯಿಂದ ಒರೆಸಿ ಒಣಗಿಸಿ, ಪೌಡರ್ ಉದುರಿಸಿದ. ಹಿರಿಯರು ಮದುವೆಗೆ ಹೊರಟವರಂತೆ ಬೆಳ್ಳಗಾದರು. ಇಂಜಿನ್ ಚಾಲೂ ಮಾಡಿ, ಬೆಲ್ಟು ಫ್ಯಾನುಗಳಿಂದ ದೂರ ನಿಂತು ಟಾರ್ಚು ಬಿಟ್ಟು ಕಾದ. ತುಸು ಹೊತ್ತಿಗೆ ಆ ಬಿಳುಪಿನ ಮೇಲೆ ಒಂದು ತಿಳಿ ಹಸಿರು ಗೆರೆ ಮೂಡಿತು. ಅವನು ಗೆರೆಯನ್ನು ಹಿಮ್ಮುಖವಾಗಿ ಹಿಂಬಾಲಿಸಿದ. ರೇಡಿಯೇಟರಿನ ಹೋಸನ್ನು ಬಿಟ್ಟು ಅದು ಮೇಲಕ್ಕೆ ಹೋಯಿತು, ಒಂದು ಕಂಬಿಯ ಮೇಲೆ ತಿರುಗಿತು, ಬೆಲ್ಟಿನ ಹಿಂದೆ ನುಸುಳಿತು, ಕೊನೆಗೆ ನೀರಿನ ಪಂಪಿನ ನೆತ್ತಿಯ ಮೇಲೆ, ಯಾರ ಕಣ್ಣಿಗೂ ಬೀಳದಂತೆ ಅಡಗಿದ್ದ, ಹೆಬ್ಬೆರಳಿಗಿಂತ ಉದ್ದವಿಲ್ಲದ ಒಂದು ಕುಳ್ಳ ಹೋಸಿನಲ್ಲಿ ಮುಗಿಯಿತು. ಅಲ್ಲಿ ನೀರು ತೊಟ್ಟಿಕ್ಕುತ್ತಿರಲಿಲ್ಲ, ಸೋರುತ್ತಲೂ ಇರಲಿಲ್ಲ. ಒಸರುತ್ತಿತ್ತು. ಕಿವಿಯಿಂದ ಮಾತ್ರ ಬಲ್ಲ ಪದವನ್ನು ಅವನು ಮೊದಲ ಬಾರಿಗೆ ಕಣ್ಣಿನಿಂದ ನೋಡಿದ.

ಇಂಜಿನ್ ಆರಿಸಿ, ತಣಿಯಲು ಬಿಟ್ಟು, ಕೈ ತೂರಿಸಿ ಮುಟ್ಟಿದ. ಹೋಸಿನ ಮೇಲೆ ರಬ್ಬರಲ್ಲದ ಏನೋ ಇತ್ತು. ಬಗ್ಗಿ ನೋಡಿದ. ಕಿಟಕಿಯ ಚೌಕಟ್ಟಿಗೆ ಗಾಜು ಕೂರಿಸುವಾಗ ಮೆತ್ತುವ ಪುಟ್ಟಿ. ಗಟ್ಟಿಯಾಗಿ, ಬಿರುಕು ಬಿಟ್ಟು, ಒಂದರ ಮೇಲೊಂದು ಹಲವು ಪದರ. ಮೇಲಿನ ಪದರದಲ್ಲಿ ಒಂದು ಹೆಬ್ಬೆರಳಿನ ಗುರುತು, ಅದರ ನಡುವೆ ಅಡ್ಡಲಾಗಿ ಹಾದ ಗಾಯದ ಗೆರೆ. ಆ ಹೆಬ್ಬೆರಳನ್ನು ಅವನು ಹಿಂದಿನ ದಿನವಷ್ಟೇ ತಟ್ಟೆಯ ಅಂಚಿನ ಮೇಲೆ ನೋಡಿದ್ದ.

ಕೂಲೆಂಟಿನ ಹಸಿರು ಅಷ್ಟು ತೆಳುವಾಗಿದ್ದದ್ದೇಕೆ ಎಂದು ಈಗ ತಿಳಿಯಿತು. ಯಾರೋ ದಿನವೂ ಸದ್ದಿಲ್ಲದೆ ನೀರು ಸುರಿದು ಸುರಿದು ಆಟ ನಡೆಸಿದ್ದರು.

ಅವನು ಕೆಳಗಿನ ತಿರುಪು ಬಿಚ್ಚಿ ಕೂಲೆಂಟನ್ನು ಬಕೆಟ್ಟಿಗೆ ಇಳಿಸಿಕೊಂಡು ಮುಚ್ಚಿಟ್ಟ. ಹೋಸನ್ನು ಕಿತ್ತು, ಟವೆಲಿನಲ್ಲಿ ಸುತ್ತಿ, ಸ್ಕೂಟರ್ ಹತ್ತಿದ. ಅಕ್ಕನಿಗೆ ಸುದ್ದಿ ಮುಟ್ಟಿಸಿ ಬಂದು ತಮ್ಮ ಮನೆಯ ಕಿಟಕಿಯಲ್ಲಿ ನಿಂತಿದ್ದ ನರ್ಸಮ್ಮನಿಗೆ ಟವೆಲಿನ ಸುರುಳಿಯಿಂದ ಹಸಿರು ಹನಿಯುವ ಕೊಳವೆಯ ತುದಿ ಕಾಣಿಸಿತು. ಅವರು ಗೋಡೆ ಹಿಡಿದುಕೊಂಡು ಕೂತರು. ಕೈ ತೊಳೆಯದೆ, ಕೈಗವಸಿಲ್ಲದೆ, ಮನೆಯಲ್ಲೇ ಕಿತ್ತುಬಿಟ್ಟಿದ್ದ.

ಅಂಗಡಿಯವನು ಹೋಸನ್ನು ಬೆಳಕಿಗೆ ಹಿಡಿದು ನೋಡಿ, ಇದ್ಯಾವ ಮಹಾನುಭಾವ ಇಂಜಿನ್ನಿಗೆ ಕಿಟಕಿ ಕೂರಿಸೋಕೆ ಹೋಗಿದ್ದು ಎಂದು ಕೇಳಿದ. ಅಂಗಡಿಯಲ್ಲಿದ್ದವರೆಲ್ಲ ಇವನ ಕಡೆ ತಿರುಗಿದರು.

"ನಾನೇ" ಎಂದ ಅವನು. "ಬೆಳಗ್ಗೆ."

"ಬೆಳಗ್ಗೆ ಹಚ್ಚಿದ್ದು ಇಷ್ಟು ಹೊತ್ತಿಗೆ ಹೀಗೆ ಕಲ್ಲಾಗಿದೆ ಅಂದ್ರೆ ಒಳ್ಳೇ ಪುಟ್ಟಿ ಸಾರ್. ಯಾವ ಕಂಪನಿದು?"

ನಗು ನಿಲ್ಲುವ ತನಕ ಅವನು ಗಂಭೀರವಾಗಿ ನಿಂತಿದ್ದು, ಹೊಸ ಹೋಸು, ಎರಡು ಹೊಸ ಕ್ಲಿಪ್ಪು, ಒಂದು ಕ್ಯಾನ್ ಹಸಿರು ಕೂಲೆಂಟು ತೆಗೆದುಕೊಂಡು ಹೊರಟ. ದಾರಿಯಲ್ಲಿ ಒಂದು ಕಡೆ ಸ್ಕೂಟರ್ ನಿಲ್ಲಿಸಿ, ಹಳೆಯ ಹೋಸಿನ ಮೇಲಿನ ಪುಟ್ಟಿಯನ್ನು ಕೀಲಿಯಿಂದ ಕೆತ್ತಿ ಕೆತ್ತಿ ಚೊಕ್ಕ ಮಾಡಿ, ಹೆಬ್ಬೆರಳಿನ ಗುರುತಿದ್ದ ಚೂರನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

ಅವನು ಹಿಂತಿರುಗುವ ಹೊತ್ತಿಗೆ ಮನೆಯ ಮುಂದೆ ಜನ ಸೇರಿದ್ದರು. ಬೀದಿಯವರು ಗೋಡೆಯ ನೆರಳಿನಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಮೆಟ್ಟಿಲ ಮೇಲೆ ಮಾವನ ಅಕ್ಕ, ಹೆಂಡತಿಯಂತೆ ಅವನೂ ಅತ್ತೆ ಎಂದೇ ಕರೆಯುತ್ತಿದ್ದವರು, ಕೂತಿದ್ದರು. ನರ್ಸಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲಿಗೆ ಅಡ್ಡ ನಿಂತು, ಹಸಿರು ಅಂದರೆ ಸೋಂಕು, ಯಾರೂ ಒಳಗೆ ಹೋಗುವಂತಿಲ್ಲ ಎಂದು ಅಪ್ಪಣೆ ಮಾಡಿದ್ದರು. ಬೀಗ ಬಿದ್ದ ಬಾಗಿಲಿಗೆ ಇಷ್ಟು ಕಟ್ಟುನಿಟ್ಟಾದ ಕಾವಲು ಯಾಕೆಂದು ಯಾರಿಗೂ ಹೊಳೆಯಲಿಲ್ಲ.

ತನ್ನ ಪಂದ್ಯದ ಸುದ್ದಿ ಇಷ್ಟು ದೂರ ಹಬ್ಬಿದೆಯೆಂದು ಅವನಿಗೆ ಅಚ್ಚರಿಯಾಯಿತು, ಒಳಗೊಳಗೆ ಹೆಮ್ಮೆಯೂ ಆಯಿತು. ಅತ್ತೆಯ ಕಣ್ಣು ಕೆಂಪಾಗಿದ್ದದ್ದು ನೋಡಿ ಮನಸ್ಸು ಕರಗಿತು. ಅವರೂ ಎಷ್ಟು ಸಲ ಹಿರಿಯರ ಮುಂದಿನ ಸೀಟಿನಲ್ಲಿ ಕೂತು ಓಡಾಡಿದವರು.

"ಹೇಗಿದಾನಪ್ಪಾ?" ಎಂದರು ಅತ್ತೆ.

"ಈಗ ತಣ್ಣಗಾಗಿದಾನೆ ಅತ್ತೆ. ಯೋಚನೆ ಮಾಡ್ಬೇಡಿ."

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡರು. ಗುಂಪಿನಲ್ಲಿ ಒಬ್ಬರು ಟೋಪಿ ತೆಗೆದರು.

"ಕೊನೇಲಿ ಏನಾದ್ರೂ ಅಂದ್ನಾ?"

"ಒಂದೆರಡು ಸಲ ಕೆಮ್ಮಿ, ಒಂಚೂರು ಹೊಗೆ ಬಿಟ್ಟು ಸುಮ್ಮನಾದ. ನೀರೆಲ್ಲ ಬಕೆಟ್ಟಿಗೆ ತೆಗೆದಿಟ್ಟಿದೀನಿ. ಮೈಯೆಲ್ಲ ಒರೆಸಿ ಪೌಡರ್ ಹಾಕಿದೀನಿ. ಇನ್ನು ಈ ಕೊಳವೆ ಒಂದು ಕೂರಿಸಿಬಿಟ್ರೆ, ಸಂಜೆ ನೀವೇ ನೋಡ್ತೀರಲ್ಲ, ಬೀದಿ ತುಂಬ ಓಡ್ತಾನೆ."

ದುಃಖದಿಂದ ಅಳಿಯನಿಗೆ ತಲೆ ಕೆಟ್ಟಿದೆ ಎಂದು ನರ್ಸಮ್ಮ ಮೆಲ್ಲಗೆ ಹೇಳಿದರು. ಪಾಪ, ಒಬ್ಬನೇ ಎಲ್ಲ ಮಾಡಿದಾನೆ ಎಂದು ಯಾರೋ ಕಣ್ಣೊರೆಸಿಕೊಂಡರು. ಅವನು ಎಲ್ಲರಿಗೂ ಧೈರ್ಯ ಹೇಳಿ ಹಿತ್ತಲಿಗೆ ಹೋದ. ಬಾಳಿನಲ್ಲಿ ಮೊದಲ ಸಲ ಇಷ್ಟು ಜನ ಅವನ ಹಿಂದಿದ್ದರು.

ಹೋಸು ಕೂರಿಸುವುದು ಹೇಳಿದಷ್ಟು ಸುಲಭವಿರಲಿಲ್ಲ. ಕೈ ಹೋದ ಕಡೆ ಕಣ್ಣು ಹೋಗುತ್ತಿರಲಿಲ್ಲ, ಕಣ್ಣು ಹೋದ ಕಡೆ ತಿರುಪುಳಿ ಹೋಗುತ್ತಿರಲಿಲ್ಲ. ಬೆರಳಿನ ಗೆಣ್ಣು ತರಚಿಹೋಯಿತು. ಒಂದು ಕ್ಲಿಪ್ಪು ಕೈಜಾರಿ ಇಂಜಿನ್ನಿನ ಯಾವುದೋ ಸಂದಿಯಲ್ಲಿ ಅಡಗಿಕೊಂಡು, ಅದನ್ನು ಬೈದು ಬೈದು ಹೊರಗೆ ಕರೆಯಬೇಕಾಯಿತು. ಕಡೆಗೆ ಎರಡೂ ತುದಿ ಕೂತವು. ಹೊಸ ಕೂಲೆಂಟು ತುಂಬಿ, ಸಿಕ್ಕಿಕೊಂಡ ಗಾಳಿ ಹೋಗಲೆಂದು ಮುಚ್ಚಳ ತೆರೆದೇ ಇಟ್ಟು ಇಂಜಿನ್ ಚಾಲೂ ಮಾಡುವುದಷ್ಟೇ ಬಾಕಿ.

ಅಷ್ಟರಲ್ಲಿ ಮನೆಯ ಮುಂದೆ ಬಾಮೈದನ ಕಾರೂ ಅದರ ಹಿಂದೆ ಗುಜರಿಯವನ ಲಾರಿಯೂ ಬಂದು ನಿಂತವು. ಜನರನ್ನು ಕಂಡು ಬಾಮೈದ ಕಾರಿನಲ್ಲೇ ಬೆಚ್ಚಿ ಕೂತ. ಗುಜರಿಯವನು ಮಾತ್ರ ವ್ಯವಹಾರಸ್ಥ. ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು ಇಳಿದು, ಸೀದಾ ಮೆಟ್ಟಿಲ ಹತ್ತಿರ ಬಂದ.

"ಹಿರಿಯರನ್ನ ಎತ್ಕೊಂಡು ಹೋಗೋಕೆ ಹೇಳಿದ್ರು. ಎಲ್ಲಿದಾರೆ?"

ಗುಂಪು ದಾರಿ ಬಿಟ್ಟಿತು. ಅವನು ಸುತ್ತ ನೋಡಿ, ಗೇಟಿನ ಅಗಲ ಅಳೆದು, ತಲೆ ಕೆರೆದುಕೊಂಡ.

"ಈ ಗೇಟಲ್ಲಿ ಇಡಿಯಾಗಿ ಬರಲ್ಲ. ಇಲ್ಲೇ ತುಂಡು ಮಾಡ್ಕೊಂಡು ತಗೊಂಡೋಗ್ಬೇಕು. ನಮ್ಮದು ತೂಕದ ಲೆಕ್ಕ, ಒಳಗಿರೋದು ಕೆಟ್ಟಿದ್ರೂ ತೊಂದ್ರೆ ಇಲ್ಲ."

ಅತ್ತೆ ಎದ್ದು ನಿಂತರು. ನರ್ಸಮ್ಮ ಮೂಗಿನ ಬಟ್ಟೆ ಕೆಳಗೆಳೆದರು.

"ಏನಂದೆ?"

"ಯಾಕಮ್ಮಾ, ಗೋಳಾಡ್ಬೇಡಿ. ಕೈಕಾಲು ಚೆನ್ನಾಗಿದ್ರೆ ಬೇರೆಯೋರಿಗೆ ಹಾಕ್ತೀವಿ, ಏನೂ ವೇಸ್ಟ್ ಆಗಲ್ಲ."

ಗಾಲಿಗಳನ್ನು ಕೈಕಾಲೆನ್ನುವುದು ಗುಜರಿಯವರ ರೂಢಿ. ಅದನ್ನು ವಿವರಿಸಲು ಅವನಿಗೆ ಸಮಯ ಸಿಗಲಿಲ್ಲ. ನರ್ಸಮ್ಮ ಕಾಂಪೌಂಡಿನ ಆಚೆಯಿಂದ ಹೂಕುಂಡದ ಪೈಪನ್ನು ಎಳೆದುಕೊಂಡರು, ನಲ್ಲಿ ಆಗಿನಿಂದ ತೆರೆದೇ ಇತ್ತು. ಅತ್ತೆ ಚಪ್ಪಲಿ ಹುಡುಕುತ್ತಿದ್ದರು. ಗುಂಪು ಈ ಹೊತ್ತಿಗಾಗಿಯೇ ಮಧ್ಯಾಹ್ನದಿಂದ ಕಾಯುತ್ತಿದ್ದಂತೆ ಒಂದಾಗಿ ಮುನ್ನುಗ್ಗಿತು. ಗುಜರಿಯವನು ನೆನೆದು ತೊಪ್ಪೆಯಾಗಿ ಲಾರಿಯ ಮೇಲೆ ಹತ್ತಿ ನಿಂತು, ಕಾರಿನಲ್ಲಿದ್ದ ಬಾಮೈದನನ್ನು ತೋರಿಸಿ, ಮಾರಿದ್ದು ಆತ, ನಾನಲ್ಲ ಎಂದು ಕೂಗಿದ. ಗುಂಪು ಕಾರಿನ ಕಡೆ ತಿರುಗಿತು. ಹೆತ್ತ ಅಪ್ಪನನ್ನು ತೂಕಕ್ಕೆ ಮಾರಿದವನೆಂದು ಅತ್ತೆ ಕಾರಿನ ಹೊಸ ಬಾನೆಟ್ಟಿನ ಮೇಲೆ ಚಪ್ಪಲಿಯಿಂದ ಬಡಿದರು. ಆ ಕಾರಿಗೆ ಆಮೇಲೆ ನೆರಳು ಸಿಕ್ಕಿದ್ದರೂ ಆ ಗುರುತು ಹೋಗುತ್ತಿರಲಿಲ್ಲ.

ಆಗ ಹಿತ್ತಲಿನಿಂದ ಒಂದು ಕೆಮ್ಮು ಕೇಳಿಸಿತು. ಇನ್ನೊಂದು ಕೆಮ್ಮು. ಆಮೇಲೆ ಗಟ್ಟಿಯಾದ, ಒಂದೇ ಸಮನಾದ ಗುಡುಗು.

"ಇದು ಹಿರಿಯನ ಸದ್ದಲ್ವಾ" ಎಂದರು ಅತ್ತೆ, ಚಪ್ಪಲಿ ಎತ್ತಿದ ಕೈ ಹಾಗೇ ನಿಂತು. "ಗಾಡಿದು."

"ಯಾವ ಗಾಡಿ?" ಎಂದರು ನರ್ಸಮ್ಮ.

ಅದೇ ಹೊತ್ತಿಗೆ ಮಗಳ ಜೊತೆ ಮಾವ ಗೇಟಿನೊಳಗೆ ಕಾಲಿಟ್ಟರು. ದಿನವೆಲ್ಲ ಕಟಿಂಗ್ ಶಾಪಿನಲ್ಲಿ ಕೂತಿದ್ದರಂತೆ; ಕೂತದ್ದಕ್ಕೆ ಏನಾದರೂ ಮಾಡಿಸಿಕೊಳ್ಳಬೇಕಲ್ಲ ಎಂದು ಕ್ಷೌರ ಮಾಡಿಸಿಕೊಂಡು, ನುಣ್ಣಗೆ, ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ಸೇರಿದ ಜನರನ್ನು, ನೆನೆದ ಗುಜರಿಯವನನ್ನು, ಅಕ್ಕನ ಕೈಯ ಚಪ್ಪಲಿಯನ್ನು ಒಂದೊಂದಾಗಿ ನೋಡಿದರು.

"ಯಾರು ಹೋದ್ರು?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ಅತ್ತೆ ತಮ್ಮನನ್ನು ಅಪ್ಪಿಕೊಂಡು, ಬಿಟ್ಟು, ಅದೇ ಚಪ್ಪಲಿಯಿಂದ ಅವರ ಭುಜಕ್ಕೂ ಒಂದು ಕೊಟ್ಟರು. ನರ್ಸಮ್ಮ ಮಾವನ ಕೈಹಿಡಿದು ನಾಡಿ ನೋಡಿ, ಸರಿಯಾಗಿದೆ ಎಂದು ಎಲ್ಲರಿಗೂ ತಿಳಿಸಿದರು. ಹೆಂಡತಿ ಒಬ್ಬೊಬ್ಬರ ಮಾತನ್ನೂ ಕೇಳಿಸಿಕೊಂಡು, ವಿಷಯ ಅರ್ಥವಾಗಿ, ನಗಲು ಕಂಬದ ಹಿಂದೆ ಹೋದಳು.

ಬಾಮೈದ ಕಾರಿನಿಂದಿಳಿದ. ಇಷ್ಟಾದ ಮೇಲೆ ಅವನಿಗೆ ಉಳಿದಿದ್ದದ್ದು ಪಂದ್ಯವೊಂದೇ. ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದು, ಇಂಜಿನ್ನಿನ ಕೆಳಗೆ ಒಂದು ಬಿಳಿಯ ರಟ್ಟು ಹಾಸಿದ. ಗಾಳಿಯೆಲ್ಲ ಹೋಗಿ ಮುಚ್ಚಳ ಬಿಗಿಯಾಗಿತ್ತು. ಬಿಸಿಯ ಮುಳ್ಳು ಮಧ್ಯಕ್ಕೆ ಬಂದು ಅಲ್ಲೇ ನಿಂತಿತು. ಅತ್ತೆ, ನರ್ಸಮ್ಮ, ಸಾವಿಗೆಂದು ಬಂದವರೆಲ್ಲ ಮಂಡಿಯೂರಿ ಪಿಕಪ್ಪಿನ ಹೊಟ್ಟೆಯ ಕೆಳಗೆ ಕಣ್ಣು ನೆಟ್ಟರು. ಗುಜರಿಯವನೂ ನೆನೆದ ಅಂಗಿ ಹಿಂಡುತ್ತ ಬಗ್ಗಿದ. ಮಾವ ಮಾತ್ರ ನಿಂತಿದ್ದರು. ಅವರು ರಟ್ಟನ್ನು ನೋಡುತ್ತಿರಲಿಲ್ಲ, ಪಂಪಿನ ನೆತ್ತಿಯನ್ನು ನೋಡುತ್ತಿದ್ದರು.

ರಟ್ಟಿನ ಮೇಲೆ ಒಂದು ತೊಟ್ಟು ಬಿತ್ತು.

"ಅಗೋ" ಎಂದ ಬಾಮೈದ.

ನರ್ಸಮ್ಮ ಕೈಚಾಚಿ ತೊಟ್ಟನ್ನು ಬೆರಳಿಗೆ ತೆಗೆದು, ಬೆಳಕಿಗೆ ಹಿಡಿದರು, ಮೂಸಿದರು. ಆಮೇಲೆ ಮೇಲಕ್ಕೆ ನೋಡಿದರು. ಬಾನೆಟ್ಟಿನ ಮೇಲಿಂದ ಬಾಗಿದ್ದ ಅವನ ಮೂಗಿನ ತುದಿಯಲ್ಲಿ ಅದರ ತಮ್ಮನಂಥ ಇನ್ನೊಂದು ತೂಗಾಡುತ್ತಿತ್ತು.

"ಬಣ್ಣ ಇಲ್ಲ. ಬೆವರು" ಎಂದು ಅವರು ವರದಿ ಕೊಟ್ಟರು. "ಹಿರಿಯರು ಆರೋಗ್ಯವಾಗಿದಾರೆ. ಅಳಿಯನಿಗೆ ಸ್ವಲ್ಪ ನೀರು ಕುಡಿಸಿ."

ಗುಂಪಿನಿಂದ ಎದ್ದ ಕೂಗಿಗೆ ಚಪ್ಪರದ ತಗಡು ನಡುಗಿತು. ಬಾಮೈದ ಕೊನೆಯ ಪ್ರಯತ್ನವಾಗಿ, ಹಳೆಯ ಹೋಸು ತೋರಿಸಿ ಭಾವ, ಎಷ್ಟು ದಿನದಿಂದ ಸೋರುತ್ತಿತ್ತು, ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ ನೋಡೋಣ ಎಂದ. ಅವನು ಹೋಸನ್ನು ಕೊಟ್ಟ. ಬಾಮೈದ ತಿರುವಿ ತಿರುವಿ ನೋಡಿದ. ಒಂದು ಸಣ್ಣ ಬಿರುಕು, ಅಷ್ಟೇ. ಇಂಥ ಮೂಲೆಯಲ್ಲಿ ಒಸರಿದರೆ ಯಾವ ಮನುಷ್ಯನಿಗೂ ಗೊತ್ತಾಗುವುದಿಲ್ಲ ಎಂದು ಗುಜರಿಯವನೇ ಸಾಕ್ಷಿ ನುಡಿದು, ಸರಪಳಿ ಎತ್ತಿಕೊಂಡು ಲಾರಿ ಹತ್ತಿದ.

ಮಾವ ಚಾಲಕನ ಸೀಟಿನಲ್ಲಿ ಕೂತರು. ಅತ್ತೆ ಪಕ್ಕದಲ್ಲಿ ಕೂತರು. ಗಾಜು ನಿಲ್ಲಿಸುವ ಜಾಗದಲ್ಲಿ ನರ್ಸಮ್ಮನೂ ಬೀದಿಯವರೂ ಹತ್ತಿದರು. ಅವನನ್ನು ಎಲ್ಲರ ಮುಂದೆ, ಚಾವಣಿ ಹಿಡಿದು ನಿಲ್ಲಿಸಿದರು, ಮುಖದ ತುಂಬ ಪೌಡರ್, ಮೊಣಕೈ ತನಕ ಕಪ್ಪು ಮಸಿ, ಚಾವಣಿ ಹಿಡಿದ ಅವನ ಕೈಗಳ ಕೆಳಗೆ ಹಿರಿಯ ಎಂಬ ಅಕ್ಷರಗಳು. ಗುಜರಿಯವನು ಹೇಳಿದ್ದ ಅದೇ ಗೇಟಿನಿಂದ ಹಿರಿಯರು ಇಡಿಯಾಗಿಯೇ ಹೊರಗೆ ಬಂದರು. ಪೇಟೆಯನ್ನು ಪೂರ್ತಿ ಒಂದು ಸುತ್ತು ಹಾಕಿದರು. ಸ್ಪೇರ್ ಪಾರ್ಟ್ಸ್ ಅಂಗಡಿಯ ಮುಂದೆ ಮಾವ, ಯಾರೂ ಕೇಳದಿದ್ದರೂ, ಉದ್ದಕ್ಕೆ ಹಾರನ್ ಹೊಡೆದರು. ಬಾಮೈದನ ಕಾರು ಬಿಸಿಲಿನಲ್ಲಿ ಹೊಳೆಯುತ್ತ ನಿಂತಿತ್ತು, ಚಪ್ಪಲಿಯ ಗುರುತಿದ್ದ ಜಾಗವೊಂದನ್ನು ಬಿಟ್ಟು.

ಎಲ್ಲರೂ ಇಳಿದು ಹೋದ ಮೇಲೆ ಚಪ್ಪರದಲ್ಲಿ ಮಾವ ಅಳಿಯ ಇಬ್ಬರೇ ಉಳಿದರು. ಇಂಜಿನ್ ತಣಿಯುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಮಾವ ಬಾನೆಟ್ಟಿನೊಳಗೆ ಬಗ್ಗಿ, ಆ ಕುಳ್ಳ ಹೋಸನ್ನು ತಡಕಾಡದೆ ನೇರವಾಗಿ ಹೋಗಿ ಮುಟ್ಟಿದರು. ಒಣಗಿತ್ತು.

"ಹಳೇದರ ಮೇಲೆ ಏನಾದ್ರೂ ಇತ್ತಾ?" ಎಂದು ಇಂಜಿನ್ನಿಗೆ ಕೇಳಿದರು.

"ಕೊಳೆ ಇತ್ತು ಮಾವ. ಒರೆಸಿದೆ."

ಮಾವ ತಲೆಯಾಡಿಸಿದರು. ಬಾನೆಟ್ಟು ಮುಚ್ಚಿ, ಜೇಬಿನಿಂದ ಕೀಲಿ ತೆಗೆದು, ಅಳಿಯನ ಕೈಯಲ್ಲಿಟ್ಟು, ನಾಳೆ ಕಚೇರಿಗೆ ಹಿರಿಯನನ್ನು ತೆಗೆದುಕೊಂಡು ಹೋಗು, ನಾನು ಸ್ಕೂಟರಿನಲ್ಲಿ ಹೋಗುತ್ತೇನೆ ಎಂದರು. ಅಂಚೆ ಕಾರ್ಡು ಆ ಸಂಜೆ ತುಂಬಿ ಹಿಂಬದಿಗೂ ಹೋಯಿತು.

ಜೇಬಿನಲ್ಲಿದ್ದ ಪುಟ್ಟಿಯ ಚೂರಿನ ವಿಷಯವನ್ನು ಅವನು ಮಾವನಿಗಾಗಲಿ, ಹೆಂಡತಿಗಾಗಲಿ, ಯಾರಿಗೂ ಎಂದೂ ಹೇಳಲಿಲ್ಲ.